ಗಂಗಿಯ ಪಾಳಿ

ಘಟಪ್ರಭೆ ಗೋಕಾವಿಯನ್ನು ದಾಟಿ ಮುಧೋಳದ ಕಡೆಗೆ ಇಳಿದು ಹೋಗುವ ಹೊಳೆ. ನಮ್ಮ ಗಂಗಿ ಮಾತ್ರ ಮುಧೋಳದ ಕಡೆಯಿಂದ ತುಕ್ಕಾನಟ್ಟಿಗೆ ಎದುರು ಹರಿದು ಬಂದವಳು. ಬಸ್ಸಿನ ಹಿಂದಿನ ಸೀಟಿನಲ್ಲಿ, ನನ್ನ ಮೈದುನನ ತೊಡೆಯ ಮೇಲಿದ್ದ ಬುಟ್ಟಿಯಲ್ಲಿ ಕೂತು ಬಂದಳು. ಇಳಿಯುವ ಹೊತ್ತಿಗೆ ಅವನ ಪ್ಯಾಂಟು ಮೊಣಕಾಲಿನವರೆಗೆ ತೊಯ್ದಿತ್ತು. "ಹಾದ್ಯಾಗ ಒಂದ್ ಸಲಾ ಹೊಯ್ದೈತಿ ಮಾಮಾ, ಸಣ್ಣದೈತಿ ಪಾಪ" ಎಂದ. ಅದೇ ದಿನ ನಮ್ಮ ಭಾಗದ ಕಾಲುವೆಗೆ ಬಹಳ ದಿನಗಳ ಮೇಲೆ ನೀರು ಬಿಟ್ಟಿದ್ದರು. ಊರೆಲ್ಲ ಅದೇ ಮಾತು. ನಮ್ಮವ್ವ ಮರಿಯನ್ನು ಒಮ್ಮೆ, ಮೈದುನನ ಪ್ಯಾಂಟನ್ನು ಒಮ್ಮೆ ನೋಡಿ, "ಗಂಗವ್ವ ಬಂದ್ಳು ಬಿಡ್ರಿ" ಎಂದಳು. ಹೆಸರು ಅಲ್ಲಿಗೆ ನಿಂತಿತು. ಹೆಸರಿಡುವಾಗ ಸ್ವಲ್ಪ ಯೋಚಿಸಬೇಕಿತ್ತು ಎಂದು ನನಗೆ ಆಮೇಲೆ ಎಷ್ಟೋ ಸಲ ಅನ್ನಿಸಿದೆ.

ಗಂಗಿ ಅಪ್ಪಟ ಮುಧೋಳ ಜಾತಿಯವಳಲ್ಲ. ಮೂತಿ, ಸೊಂಟ, ಕಾಲು ಮುಧೋಳದವು. ಬಾಲ ಮಾತ್ರ ಯಾವುದೋ ಓಣಿಯದು. ಆದರೂ ನನಗೆ ಒಳಗೊಳಗೆ ಹೆಮ್ಮೆ. ಘೋರ್ಪಡೆ ರಾಜರು ಸಾಕಿ ಬೆಳೆಸಿದ ಬೇಟೆನಾಯಿಯ ರಕ್ತ. 2005ರಲ್ಲಿ ಅಂಚೆ ಇಲಾಖೆ ಚೀಟಿಯ ಮೇಲೆ ಅಚ್ಚು ಹಾಕಿಸಿದ ನಾಯಿ. ಇದರ ಸಂಶೋಧನೆಗೆಂದೇ ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಕೇಂದ್ರವೇ ಇದೆ. ಇಷ್ಟನ್ನೆಲ್ಲ ಅವ್ವನ ಮುಂದೆ ಹೇಳಿ ಮುಗಿಸುವಷ್ಟರಲ್ಲಿ ಗಂಗಿ ದೇವರ ಕೋಣೆಯ ಹೊಸ್ತಿಲಿಗೆ ಅಭಿಷೇಕ ಮಾಡಿದ್ದಳು. "ಇಷ್ಟ್ ದೊಡ್ಡ ಮನಿತನದಾಕಿ, ಪಡಸಾಲಿ ಯಾವ್ದು ಬಚ್ಚಲಾ ಯಾವ್ದು ಅಂತ ಯಾರೂ ಹೇಳಿ ಕಳಸಲಿಲ್ಲೇನು?" ಎಂದಳು ಅವ್ವ. ಆತಕೂರಿನ ವೀರಗಲ್ಲು ನೆನಪಾಯಿತು. ಹತ್ತನೇ ಶತಮಾನದಲ್ಲಿ ಹಂದಿಯೊಡನೆ ಕಾದಾಡಿ ಸತ್ತ ಕಾಳಿ ಎಂಬ ನಾಯಿಗೆ ಅದರ ಒಡೆಯ ಮಣಲೇರ ಹಾಕಿಸಿದ ಕಲ್ಲು ಅದು. ಕಾಳಿಯ ಶೌರ್ಯವೆಲ್ಲ ಅದರಲ್ಲಿದೆ. ಮರಿಯಾಗಿದ್ದಾಗ ಅವಳು ಎಲ್ಲೆಲ್ಲಿ ಹೊಯ್ದಳು ಎಂಬುದರ ಬಗ್ಗೆ ಶಾಸನ ಮೌನವಾಗಿದೆ.

ನಾಯಿಯ ಮರಿಗೆ ಹುಟ್ಟಿದ ಮೊದಲ ಎರಡು ಮೂರು ವಾರ ತಾನಾಗಿ ಹೊಯ್ಯಲೂ ಬರುವುದಿಲ್ಲ. ತಾಯಿ ನೆಕ್ಕಿದರೆ ಮಾತ್ರ ಉಚ್ಚೆ ಬರುತ್ತದೆ, ಬಂದದ್ದನ್ನು ತಾಯಿಯೇ ನೆಕ್ಕಿ ಮಲಗುವ ಜಾಗವನ್ನು ಒಣಗಿಸಿಡುತ್ತಾಳೆ. ಈ ಸಂಗತಿ ತಿಳಿದ ದಿನ ನಾನು ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ಆಮೇಲೆ ಮರಿ ತಾನೇ ಎದ್ದು, ಮಲಗಿದ ಜಾಗದಿಂದ ನಾಲ್ಕು ಹೆಜ್ಜೆ ಆಚೆ ಹೋಗಿ ಹೊಯ್ಯಲು ಕಲಿಯುತ್ತದೆ. ನಾಲ್ಕು ಹೆಜ್ಜೆ ಆಚೆ ಎಂದರೆ ಅದರ ಲೆಕ್ಕದಲ್ಲಿ ಮನೆಯ ಹೊರಗೆ. ನಮ್ಮ ಲೆಕ್ಕದಲ್ಲಿ ಇನ್ನೂ ಪಡಸಾಲೆಯ ನಡುವೆ. ಜಗಳವೆಲ್ಲ ಈ ಎರಡು ಲೆಕ್ಕಗಳದು.

ನಾನು ಶಿಸ್ತಿನಿಂದ ಶುರುಮಾಡಿದೆ. ಎದ್ದ ಕೂಡಲೇ, ಉಂಡ ಕೂಡಲೇ, ಆಡಿ ಮುಗಿದ ಕೂಡಲೇ ಎತ್ತಿಕೊಂಡು ಹಿತ್ತಲ ನುಗ್ಗಿ ಗಿಡದ ಬುಡಕ್ಕೆ ಒಯ್ಯುವುದು, ಹೊಯ್ಯುವ ತನಕ ಕಾಯುವುದು, ಹೊಯ್ದರೆ ಒಂದು ಚೂರು ರೊಟ್ಟಿ ಕೊಟ್ಟು ಹೊಗಳುವುದು. ಮರಿಯ ವಯಸ್ಸು ಎಷ್ಟು ತಿಂಗಳೋ ಅದಕ್ಕೆ ಒಂದು ಕೂಡಿಸಿದರೆ ಹೆಚ್ಚೆಂದರೆ ಅಷ್ಟು ತಾಸು ತಡೆದುಕೊಂಡೀತು ಎಂಬುದು ನಾಯಿ ಸಾಕುವವರ ಅಂದಾಜು. ಮೂರು ತಿಂಗಳಿಗೆ ನಾಲ್ಕು ತಾಸು. ಹೀಗಾಗಿ ರಾತ್ರಿ ಎರಡಕ್ಕೊಮ್ಮೆ ನಾನು ಬ್ಯಾಟರಿ ಹಿಡಿದು ಹಿತ್ತಲಿಗೆ ಹೊರಟೆ. ನಮ್ಮಲ್ಲಿ ಆ ಹೊತ್ತಿಗೆ ಬ್ಯಾಟರಿ ಹಿಡಿದು ತಿರುಗುವವರು ಕಬ್ಬಿಗೆ ನೀರು ಹಾಯಿಸುವವರು ಮಾತ್ರ. ಬೇಲಿಯಾಚೆ ಹೊರಟಿದ್ದ ಒಬ್ಬರು ನಿಂತು, "ನಿಮ್ದೂ ನೀರಿನ ಪಾಳಿ ಏನ್ರೀ ಸರ್?" ಎಂದು ಕೇಳಿದರು. ಹೌದೆಂದೆ. ಸುಳ್ಳೇನಲ್ಲ. ಮರುದಿನ ಮಗ ಅಡಿಗೆಮನೆಯ ಗೋಡೆಗೆ ಸುಣ್ಣದ ಬಳಪದಿಂದ 'ಗಂಗಿಯ ಪಾಳಿ' ಎಂದು ಬರೆದು ಯಾರ ಸರದಿ ಎಷ್ಟೊತ್ತಿಗೆ ಎಂದು ಪಟ್ಟಿ ಹಾಕಿದ.

ಮೂರೇ ವಾರದಲ್ಲಿ ಗಂಗಿ ತಾನಾಗಿ ಹಿತ್ತಲ ಬಾಗಿಲಿಗೆ ಹೋಗಿ ಕುಂಯ್ ಅನ್ನತೊಡಗಿದಳು. ನಾನು ಊರೆಲ್ಲ ಹೇಳಿಕೊಂಡು ಬಂದೆ.

ನಾಲ್ಕು ತಿಂಗಳು ತುಂಬಿದ ಮೇಲೆ ಎಲ್ಲ ತಲೆಕೆಳಗಾಯಿತು. ಮೊದಲು ಪಡಸಾಲೆಯ ಶಾಬಾದಿ ಫರ್ಸಿಯ ಮೇಲೆ ರೂಪಾಯಿ ನಾಣ್ಯದಷ್ಟು ಒಂದು ಹನಿ. ಹತ್ತು ನಿಮಿಷ ಬಿಟ್ಟು ಇನ್ನೊಂದು. ಆಮೇಲೆ ಗೋಣಿಚೀಲ, ಚಪ್ಪಲಿ, ಜೋಳದ ಚೀಲದ ಮಗ್ಗುಲು. ಕಡೆಗೆ ಒಂದು ಸಂಜೆ ಅವ್ವನ ಕೌದಿ. ಆ ಕೌದಿಯಲ್ಲಿ ನನ್ನ ಅಜ್ಜಿಯ ಇಲಕಲ್ ಸೀರೆಯ ತುಂಡುಗಳಿವೆ. ಅವ್ವ ಬಾಯಿ ಬಿಡಲಿಲ್ಲ. ಬಾಯಿ ಬಿಡದಿದ್ದರೆ ಅವಳ ಸಿಟ್ಟು ದೊಡ್ಡದು. ನೀರಿನ ಬೋಗುಣಿ ಎತ್ತಿ ಮಾಡದ ಮೇಲಿಟ್ಟಳು. "ಕುಡೀದಿದ್ರ ಹೊಯ್ಯೂದಿಲ್ಲ" ಎಂಬುದು ಅವಳ ನ್ಯಾಯ.

ಓಣಿಯಲ್ಲಿ ಸಲಹೆಗಳಿಗೆ ಬರವಿಲ್ಲ. ಮೂಗು ಹಿಡಿದು ಅದರಲ್ಲೇ ತಿಕ್ಕಿರಿ ಎಂದರು ಒಬ್ಬರು. ದೃಷ್ಟಿ ತೆಗೆಯಿರಿ ಎಂದರು ಇನ್ನೊಬ್ಬರು. ಜೀರಿಗೆ ನೀರು ಎಂದರು ಮತ್ತೊಬ್ಬರು. ನಮ್ಮೂರಿನಲ್ಲಿ ಬರ್ಡ್ಸ್ ಸಂಸ್ಥೆಯ ಕೃಷಿ ವಿಜ್ಞಾನ ಕೇಂದ್ರವಿದೆ. ಸುತ್ತಲ ರೈತರು ಕಬ್ಬಿಗೆ ಗೊಣ್ಣೆಹುಳ ಬಿದ್ದರೆ ಅಲ್ಲಿಗೆ ಹೋಗಿ ಕೇಳುತ್ತಾರೆ. ನಾಯಿಯ ಉಚ್ಚೆಯ ವಿಷಯ ತೆಗೆದುಕೊಂಡು ಅಲ್ಲಿಯ ಬಾಗಿಲು ತಟ್ಟಲು ನನಗೆ ಸಂಕೋಚವಾಯಿತು. ಅದರ ಬದಲು ಮೊದಲನೆಯವರ ಮಾತು ಕೇಳಿದೆ. ಮೂಗು ತಿಕ್ಕಿದೆ. ಜೋರು ಮಾಡಿದೆ. ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ: ಒಂದು ಏಟೂ ಹಾಕಿದೆ. ಅದರ ಫಲ ಕೂಡಲೇ ಬಂತು. ನನ್ನನ್ನು ಕಂಡರೆ ಸಾಕು, ಗಂಗಿ ಕಿವಿ ಹಿಂದಕ್ಕೆ ಹಾಕಿ, ನೆಲಕ್ಕೆ ಒತ್ತಿಕೊಂಡು, ಅಲ್ಲೇ ಹೊಯ್ಯತೊಡಗಿದಳು. ಮೊದಲು ಒಂದು ಹೊಳೆ ಇತ್ತು, ಈಗ ಎರಡಾದವು.

ಅವತ್ತು ದೀಪ ಹಚ್ಚುವ ಹೊತ್ತು. ಅವ್ವ ಹಿತ್ತಲ ಕಟ್ಟೆಯ ಮೇಲೆ ಕೂತು ಮೆಂತೆಪಲ್ಲೆ ಸೋಸುತ್ತಿದ್ದಳು. ಗಂಗಿ ನುಗ್ಗಿ ಗಿಡದ ಬುಡದಲ್ಲಿ ಕೂತಳು. ಬೆನ್ನು ಬಿಲ್ಲಿನ ಹಾಗೆ ಬಗ್ಗಿತ್ತು. ಬಹಳ ಹೊತ್ತು ಕೂತೇ ಇದ್ದಳು. ಬಿದ್ದದ್ದು ಎರಡು ಹನಿ. ಎದ್ದು, ತಿರುಗಿ ನೆಕ್ಕಿಕೊಂಡು, ನಾಲ್ಕು ಹೆಜ್ಜೆ ಹೋಗಿ ಮತ್ತೆ ಕೂತಳು. ಅವ್ವನ ಕೈಯಲ್ಲಿದ್ದ ಮೆಂತೆಯ ಕಟ್ಟು ಅಲ್ಲೇ ನಿಂತಿತು.

"ಅಯ್ಯ ನನ್ನ ಶಿವನ! ಇದಕ್ಕ ಹಟ ಅಲ್ಲೋ, ಉರಿಮೂತ್ರ ಆಗೇತಿ" ಎಂದಳು.

ಹೇಗೆ ಗೊತ್ತಾಯಿತು ಎಂದು ಕೇಳಿದೆ. ಕೇಳಬಾರದಿತ್ತು. ಅವ್ವ ಮದುವೆಯಾಗಿ ಬಂದಾಗಿನಿಂದ ಅರವತ್ತು ದಾಟುವ ತನಕ ಹೊಲದ ಕೆಲಸ ಮಾಡಿದವಳು. ಕಬ್ಬಿನ ಕಳೆಗೆ, ಕಟಾವಿಗೆ ಹೋದ ಹೆಣ್ಣುಮಕ್ಕಳು ಗಂಡಸರ ನಡುವೆ ಎಲ್ಲಿ ಹೋಗಿ ಕೂರಬೇಕು? ಮುಂಜಾನೆ ಹೋದವರು ಹೊತ್ತು ಮುಳುಗುವ ತನಕ ತಡೆದುಕೊಳ್ಳುವುದು. ತಡೆದುಕೊಳ್ಳುವ ಕಷ್ಟ ಬೇಡವೆಂದು ಬಿಸಿಲಲ್ಲೂ ನೀರು ಕುಡಿಯದಿರುವುದು. "ಆ ಉರಿ ಬ್ಯಾಸಗ್ಯಾಗ ನಮಗೆಲ್ಲಾ ಬರತಿತ್ತು. ಹನಿ ಹನಿ. ಕುಂತ್ರೂ ಆಗೂದಿಲ್ಲ, ನಿಂತ್ರೂ ಆಗೂದಿಲ್ಲ. ಯಾರ ಮುಂದ ಹೇಳೂದು?" ಎಂದಳು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ನನಗೆ ಈ ಸಂಗತಿ ಗೊತ್ತಿರಲಿಲ್ಲ. ಅವ್ವ ಎದ್ದು ಹೋಗಿ ಮಾಡದ ಮೇಲಿನ ಬೋಗುಣಿ ಇಳಿಸಿ, ತುಂಬ ನೀರು ಹಾಕಿ, ಗಂಗಿಯ ಮುಂದಿಟ್ಟಳು. ಅದು ಕುಡಿಯುವುದನ್ನು ನೋಡುತ್ತ ಅಲ್ಲೇ ಕುಕ್ಕರುಗಾಲಲ್ಲಿ ಕೂತಳು.

ಮರುದಿನ ದನದ ದವಾಖಾನೆಗೆ ಹೋದೆ. ಎಮ್ಮೆ, ಆಡು, ಕುಂಟುವ ಒಂದು ಎತ್ತು. ಅವುಗಳ ನಡುವೆ ಟವೆಲಿನಲ್ಲಿ ನಾಯಿಮರಿ ಸುತ್ತಿಕೊಂಡ ನಾನು. ಡಾಕ್ಟರು ಹೊಟ್ಟೆ ಮುಟ್ಟಿ ನೋಡಿದರು, ನೂರೆಂಟು ಪ್ರಶ್ನೆ ಕೇಳಿದರು. ಎಚ್ಚರವಿದ್ದಾಗ ಹೊಯ್ಯುತ್ತದೆಯೋ, ಮಲಗಿದಾಗ ಸೋರುತ್ತದೆಯೋ? ಮಲಗಿದಲ್ಲೇ ಸದಾ ತೊಟ್ಟಿಕ್ಕುವ ಹೆಣ್ಣುಮರಿಯಾದರೆ ಮೂತ್ರಪಿಂಡದಿಂದ ಬರುವ ನಾಳವೇ ಹುಟ್ಟಿನಿಂದ ತಪ್ಪು ಜಾಗಕ್ಕೆ ಕೂಡಿಕೊಂಡಿರಬಹುದು, ಅದಕ್ಕೆ ಸ್ಕ್ಯಾನು, ಶಸ್ತ್ರಚಿಕಿತ್ಸೆ ಎಂದರು. ಗಂಗಿಯದು ಅದಲ್ಲ. ಹೆಣ್ಣುಮರಿಗಳಲ್ಲಿ ಮೂತ್ರ ಬರುವ ದಾರಿ ಗಿಡ್ಡ. ಹೊರಗಿನ ರೋಗಾಣು ಸಲೀಸಾಗಿ ಮೇಲೆ ಹತ್ತುತ್ತದೆ, ಬಹಳ ಸಲ ಅದು ಕರುಳಿನಲ್ಲೇ ಇರುವ ಇ. ಕೋಲಿ. ಮೂತ್ರಕೋಶ ಒಳಗೆ ಕೆಂಪಾಗಿ ಊದಿಕೊಂಡರೆ ನಾಲ್ಕು ಹನಿ ಕೂಡಿದರೂ ತುಂಬಿದಂತೆ ಅನ್ನಿಸುತ್ತದೆ. ತೂಬಿನ ಬಾಗಿಲು ಕೆಟ್ಟಾಗ ಕಾಲುವೆಯನ್ನು ಬೈದು ಏನು ಬಂತು?

"ಮುಂಜಾನೆಯ ಮೊದಲ ಉಚ್ಚೆ ಒಂದಿಷ್ಟು ಹಿಡಿದು ತರ್ರಿ" ಎಂದರು. ಸೂಜಿ ಹಾಕಿ ಮೂತ್ರಕೋಶದಿಂದಲೇ ತೆಗೆದರೆ ಪರೀಕ್ಷೆ ಇನ್ನೂ ನಿಖರವಂತೆ. ಅಷ್ಟು ಸಣ್ಣ ಮರಿಗೆ ಮೊದಲು ಹೀಗೆ ನೋಡೋಣ ಎಂದರು.

ನಾಯಿಯ ಉಚ್ಚೆ ಹಿಡಿಯುವುದನ್ನು ನೀವು ಯಾವತ್ತಾದರೂ ಮಾಡಿದ್ದೀರಾ? ಕೂರುವ ತನಕ ಅದರ ಹಿಂದೆ ಬಗ್ಗಿಕೊಂಡು ನಡೆಯಬೇಕು. ಕೂತ ಗಳಿಗೆಯಲ್ಲಿ ಕೆಳಗೆ ಪಾತ್ರೆ ತೂರಿಸಬೇಕು. ತೂರಿಸಿದ್ದು ಗೊತ್ತಾದರೆ ಅದು ಎದ್ದು ನಿಂತು ಪಾತ್ರೆಯನ್ನು ಮೂಸಿ ನೋಡುತ್ತದೆ. ಬಾಟಲಿಯ ಬಾಯಿ ಸಣ್ಣದಾಯಿತು. ಬಟ್ಟಲು ಎತ್ತರವಾಯಿತು. ಮೂರನೆಯ ದಿನ ಹೆಂಡತಿ ಸಾರಿನ ಸೌಟನ್ನು ಬಿಸಿನೀರಿನಲ್ಲಿ ಕುದಿಸಿ ತಂದುಕೊಟ್ಟಳು. ಉದ್ದ ಹಿಡಿ, ಚಪ್ಪಟೆ ತಲೆ. ನುಗ್ಗಿ ಗಿಡದ ಬುಡದಲ್ಲಿ ನಾನು ಸೌಟು ಚಾಚಿಕೊಂಡು ಉಸಿರು ಬಿಗಿಹಿಡಿದು ನಿಂತಿದ್ದನ್ನು ಬೇಲಿಯಾಚೆಯ ಅದೇ ಮನುಷ್ಯರು ನೋಡಿದರು. ಈ ಸಲ ಏನೂ ಕೇಳದೆ ಹೋದರು. ಎರಡು ಚಮಚೆಯಷ್ಟು ಸಿಕ್ಕಿತು. ಹೊತ್ತು ಕಳೆದರೆ ಕೆಡುತ್ತದೆಂದು ಬಾಟಲಿಗೆ ಹಾಕಿ ಬೈಕಿನ ಮೇಲೆ ಓಡಿದೆ. ಸೂಕ್ಷ್ಮದರ್ಶಕದಲ್ಲಿ ಕೀವಿನ ಕಣ, ರಕ್ತದ ಕಣ, ರೋಗಾಣು ಮೂರೂ ಕಂಡವು.

ಐದು ದಿನದ ಗುಳಿಗೆ ಕೊಟ್ಟರು. ಎರಡೇ ದಿನಕ್ಕೆ ಆರಾಮ ಕಂಡರೂ ಪೂರ್ತಿ ಕೊಡಿ ಎಂದರು. ನೋವಿಗೆಂದು ನಮ್ಮ ಕ್ರೋಸಿನ್, ಬ್ರೂಫೆನ್ ಕೊಟ್ಟೀರಿ ಜೋಕೆ, ಸಣ್ಣ ನಾಯಿಗೆ ಅವು ವಿಷ ಎಂದು ಎರಡು ಸಲ ಹೇಳಿದರು. ನನ್ನ ಶರಟಿನ ಕಿಸೆಯಲ್ಲಿ ಓಣಿಯವರೊಬ್ಬರು ಅದಕ್ಕೆಂದೇ ಕೊಟ್ಟಿದ್ದ ಅರ್ಧ ಗುಳಿಗೆ ಇತ್ತು. ಹೊರಗೆ ಬಂದು ಗಟಾರಕ್ಕೆ ಎಸೆದೆ. ಅವ್ವ ಬೆಣ್ಣೆಯ ಉಂಡೆಯಲ್ಲಿ ಔಷಧಿ ಹುದುಗಿಸಿ ತಾನೇ ತಿನ್ನಿಸಿದಳು. ಗಂಗಿಗೆ ಬೆಣ್ಣೆಯ ರುಚಿ ಹತ್ತಿದ್ದು ಆವಾಗ. ಅದು ಬೇರೆಯೇ ರೋಗ, ಅದಕ್ಕೆ ಇನ್ನೂ ಔಷಧಿ ಸಿಕ್ಕಿಲ್ಲ.

ಗುಳಿಗೆ ಮುಗಿಯಿತು, ಉರಿ ಹೋಯಿತು. ಪಡಸಾಲೆಯ ಚಾಳಿ ಹೋಗಲಿಲ್ಲ. ನಾವು ದಿನಾ ಫಿನಾಯಿಲ್ ಹಾಕಿ ಒರೆಸುತ್ತಿದ್ದೆವು, ನಮ್ಮ ಮೂಗಿಗೆ ಎಲ್ಲ ಸ್ವಚ್ಛ. ನಾಯಿಯ ಮೂಗಿಗೆ ಫಿನಾಯಿಲಿನ ಕೆಳಗೆ ಹಳೆಯ ವಿಳಾಸ ಹಾಗೆಯೇ ಇರುತ್ತದೆ. ಎಂಜೈಮ್ ಇರುವ ಬಟ್ಟೆ ಸೋಪಿನ ಪುಡಿಯನ್ನು ಬೆಚ್ಚಗಿನ ನೀರಿನಲ್ಲಿ ಕಲಸಿ, ಫರ್ಸಿಯ ಸಂದುಗಳಿಗೆಲ್ಲ ಹೊಯ್ದು ನೆನೆಸಿ ತೊಳೆದೆವು. ಕೌದಿಯನ್ನು ಕಾಲುವೆಗೆ ಒಯ್ದರು. ಗೋಡೆಯ ಮೇಲಿನ ಪಾಳಿಯ ಪಟ್ಟಿಯನ್ನು ಮಗ ಒರೆಸಿ ಮೊದಲಿನಿಂದ ಬರೆದ. ಮತ್ತೆ ನುಗ್ಗಿ ಗಿಡ, ಮತ್ತೆ ರೊಟ್ಟಿಯ ಚೂರು, ಮತ್ತೆ ರಾತ್ರಿ ಬ್ಯಾಟರಿ. ಗಂಗಿ ಅವ್ವನ ಹಿಂದೆ ಬಾಲ ಎತ್ತಿಕೊಂಡು ಹೋಗುತ್ತಿದ್ದಳು. ನನ್ನ ಪಾಳಿ ಬಂದರೆ ಬಾಲ ಇಳಿಯುತ್ತಿತ್ತು. ನಾನು ನಿಂತು ಕರೆಯುವುದನ್ನು ಬಿಟ್ಟೆ, ನೆಲಕ್ಕೆ ಕೂತು ಮಗ್ಗುಲು ತಿರುಗಿ ಸುಮ್ಮನಿರುವುದನ್ನು ಕಲಿತೆ. ಅವಳಾಗಿ ಬಂದು ಮೊಣಕಾಲು ಮೂಸುವುದಕ್ಕೆ ಒಂದೂವರೆ ತಿಂಗಳು ಹಿಡಿಯಿತು. ರೋಗಕ್ಕೆ ಐದು ದಿನ, ನನ್ನ ಒಂದು ಏಟಿಗೆ ಒಂದೂವರೆ ತಿಂಗಳು.

ಈಗ ಗಂಗಿಗೆ ಎರಡು ವರ್ಷ. ಬಾಗಿಲು ತೆಗೆಯುವುದು ತಡವಾದರೆ ಅವ್ವನ ಸೆರಗು ಹಿಡಿದು ಎಳೆಯುತ್ತಾಳೆ. ಅವ್ವ ಎಲ್ಲಿಗಾದರೂ ಹೊರಟರೆ ಒಂದು ಬಾಟಲಿ ನೀರು ಚೀಲದಲ್ಲಿಟ್ಟುಕೊಳ್ಳುತ್ತಾಳೆ, ಕುಡಿದು ಬರುತ್ತಾಳೆ. ಸಾರಿನ ಸೌಟು ಮಾತ್ರ ಅಡಿಗೆಮನೆಗೆ ತಿರುಗಿ ಬರಲಿಲ್ಲ. ಹಿತ್ತಲ ಗೋಡೆಯ ಗೂಟಕ್ಕೆ ತೂಗುತ್ತಿದೆ. ಯಾರಾದರೂ ಮರೆತು ಒಳಗೆ ತಂದಾರೆಂದು ಅವ್ವ ಅದರ ಹಿಡಿಗೆ ಒಂದು ಕೆಂಪು ದಾರ ಕಟ್ಟಿದ್ದಾಳೆ.