ಅವ್ವನ ಲಾಂಗ್ ವೀಕೆಂಡ್

ಈ ಸಲ ಜನವರಿ 26 ಸೋಮವಾರ ಬಂದಿತ್ತು. ಶನಿವಾರ, ಭಾನುವಾರ ಸೇರಿದ್ರೆ ಮೂರು ದಿನ ರಜೆ. ಬೆಂಗಳೂರಿನಲ್ಲಿ ಆಫೀಸ್ ಕೆಲಸ ಮಾಡೋರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಹೊಸ ಕ್ಯಾಲೆಂಡರ್ ಕೈಗೆ ಬಂದ ಕೂಡಲೇ ನಾವು ಮೊದಲು ಹುಡುಕೋದೇ ಇಂಥ ಸೋಮವಾರಗಳನ್ನ.

ನವೆಂಬರಿನಲ್ಲೇ ನಮ್ಮ ನಾಲ್ವರು ಗೆಳತಿಯರ ವಾಟ್ಸ್ಆಪ್ ಗ್ರೂಪಿನ ಹೆಸರು ‘ಚಲೋ ಗೋಕರ್ಣ’ ಅಂತ ಬದಲಾಯಿತು. ಶುಕ್ರವಾರ ಸಂಜೆ ಪಂಚಗಂಗಾ ಎಕ್ಸ್‌ಪ್ರೆಸ್ ಹತ್ತೋದು, ಬೆಳಿಗ್ಗೆ ಗೋಕರ್ಣ ರೋಡ್ ಸ್ಟೇಷನ್ನಿನಲ್ಲಿ ಇಳಿಯೋದು. ಕುಡ್ಲೆ ಬೀಚಿನಲ್ಲಿ ರೂಮು. ಅಲ್ಲಿಂದ ಗುಡ್ಡದ ದಾರಿ ಹಿಡಿದು ಓಂ, ಹಾಫ್ ಮೂನ್, ಪ್ಯಾರಡೈಸ್ ಬೀಚುಗಳಿಗೆ ನಡಿಗೆ. ಖರ್ಚು ಹಂಚಿಕೊಳ್ಳೋಕೆ ಎಕ್ಸೆಲ್ ಶೀಟ್ ಕೂಡ ತಯಾರಾಗಿತ್ತು.

ಅಷ್ಟರಲ್ಲಿ ಸುರಪುರದಿಂದ ಅವ್ವನ ಫೋನು.

“ಮುಂದಿನ ತಿಂಗಳ ಕಳದು ಮೂರು ದಿನ ಸೂಟಿ ಅದಂತಲ್ಲ. ಊರಿಗೆ ಬರ್ತಿಯೇನು?”

“ಇಲ್ಲ ಬೇ, ಗೆಳತ್ಯಾರ ಕೂಡ ಸಮುದ್ರಕ್ಕ ಹೊಂಟೀನಿ” ಅಂದೆ.

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, “ಹೋಗಿ ಬಾ. ಸಮುದ್ರ ಹ್ಯಾಂಗಿರ್ತದ ನೋಡಿ ಬಂದು ಹೇಳು. ನಿಮ್ಮಪ್ಪ ಹೇಳಿದ್ದು ಖರೇನೋ ಸುಳ್ಳೋ ಗೊತ್ತಾಗ್ತದ” ಅಂದಳು.

ಅಪ್ಪ ತೀರಿಕೊಂಡು ಆರು ವರ್ಷ. ನಾನು ಸಣ್ಣವಳಿದ್ದಾಗ ಒಂದು ಬರಗಾಲದ ವರ್ಷ ಊರಿನವರ ಜೊತೆ ಮಂಗಳೂರು ಕಡೆ ದುಡಿಯೋಕೆ ಹೋಗಿದ್ದ. ಕಡಲು ಕೊರೆಯೋ ದಂಡೆಗೆ ಕಲ್ಲು ಹಾಕೋ ಕೆಲಸ. ನಮ್ಮ ಯಾದಗಿರಿ ಸೀಮೆಯಲ್ಲಿ ಇದೇನು ಹೊಸ ಸಂಗತಿಯಲ್ಲ. ಇವತ್ತಿಗೂ ಬೆಂಗಳೂರಿಗೆ ಬರೋ ರಾತ್ರಿ ಬಸ್ಸುಗಳಲ್ಲಿ ಜೋಳದ ಚೀಲ, ಪಾತ್ರೆ, ಕೂಸು ಕಟ್ಟಿಕೊಂಡು ಗುಳೆ ಹೊರಟ ಕುಟುಂಬಗಳು ಸಿಗುತ್ತವೆ. ಮೂರು ತಿಂಗಳ ಮೇಲೆ ವಾಪಸ್ ಬಂದ ಅಪ್ಪ ಕೂಲಿಗಿಂತ ಹೆಚ್ಚಾಗಿ ಸಮುದ್ರದ ಸುದ್ದಿ ತಂದಿದ್ದ. “ಅಲ್ಲಿ ನೀರು ಮಲಗಂಗಿಲ್ಲ. ರಾತ್ರಿ ಪೂರಾ ಒದರ್ತದ” ಅನ್ನೋನು. ಅವ್ವ ನಕ್ಕುಬಿಡೋಳು. “ಒಮ್ಮೆ ಕರ್ಕೊಂಡು ಹೋಗಿ ತೋರಸ್ತೀನಿ ತಡಿ” ಅನ್ನೋದು ಅವನ ಉತ್ತರ. ಆ ‘ಒಮ್ಮೆ’ ಬರಲೇ ಇಲ್ಲ.

ಅವತ್ತು ರಾತ್ರಿ ಲೆಕ್ಕ ಹಾಕಿದೆ. ಅಪ್ಪ ಹೋದ ಮೇಲೆ ನಾನು ನಾಲ್ಕು ಸಲ ಸಮುದ್ರ ನೋಡಿದ್ದೆ. ನಾಲ್ಕೂ ಸಲ ಅವ್ವನಿಗೆ ತಲುಪಿದ್ದು ಫೋಟೋ ಮಾತ್ರ. ನಮ್ಮಂಥವರ ವೀಕೆಂಡ್ ಲೆಕ್ಕವೇ ಹಾಗೆ: ಬೆಂಗಳೂರಿನಿಂದ ಊರು ಉತ್ತರಕ್ಕೆ, ಕಡಲು ಪಶ್ಚಿಮಕ್ಕೆ. ಒಂದು ಕಡೆ ಹೋದ್ರೆ ಇನ್ನೊಂದು ಇಲ್ಲ. ಎರಡನ್ನೂ ಕೂಡಿಸಬಹುದು ಅಂತ ನನಗೆ ಹೊಳೆದೇ ಇರಲಿಲ್ಲ.

ಸಗರನಾಡಿಗೆ ಸಾಗರ ಇಲ್ಲ

ಡಿಸೆಂಬರಿನಲ್ಲಿ ಎಳ್ಳ ಅಮಾವಾಸ್ಯೆಗೆ ಊರಿಗೆ ಹೋದೆ. ರಾತ್ರಿ ಬೆಂಗಳೂರು ಬಿಟ್ಟ ಉದ್ಯಾನ್ ಎಕ್ಸ್‌ಪ್ರೆಸ್ ಬೆಳಗಿನ ಜಾವ ಯಾದಗಿರಿಯಲ್ಲಿ ಇಳಿಸಿತು. ಅಲ್ಲಿಂದ ಬಸ್ಸು. ಗುರುಸುಣಗಿ ಹತ್ತಿರ ಭೀಮಾ ನದಿ ದಾಟಿ ಮುಂದೆ ಹೋದ್ರೆ ಶಹಾಪುರದ ಬೆಟ್ಟಸಾಲು. ಹಣೆ, ಮೂಗು, ಗದ್ದ, ಎದೆ, ಎಲ್ಲಾ ಬಿಡಿಸಿಟ್ಟ ಹಾಗೆ ಅಂಗಾತ ಮಲಗಿದ ಮನುಷ್ಯನ ಆಕಾರ. ‘ಮಲಗಿದ ಬುದ್ಧ’ ಅಂತ ಈಗ ಎಲ್ಲರೂ ಫೋಟೋ ತೆಗೀತಾರೆ. ಅಪ್ಪ ಈ ಬೆಟ್ಟ ತೋರಿಸಿ, “ನಮ್ಮಲ್ಲಿ ಬೆಟ್ಟನೂ ಮಲಗ್ತದ, ಅಲ್ಲಿ ನೀರೂ ಮಲಗಂಗಿಲ್ಲ” ಅಂತಿದ್ದ.

ಶಹಾಪುರ, ಸುರಪುರ ಸೇರಿದ ಈ ಸೀಮೆಗೆ ಸಗರನಾಡು ಅಂತ ಹೆಸರು. ಶಹಾಪುರ ತಾಲ್ಲೂಕಿನಲ್ಲಿ ಸಗರ ಅನ್ನೋ ಊರೇ ಇದೆ. ಆದ್ರೆ ನಕಾಶೆ ನೋಡಿ, ಎರಡೂ ಬದಿಯ ಕಡಲಿಗೆ ಇದು ದೂರ. ತಮಾಷೆ ಅಂದ್ರೆ ಸಮುದ್ರ ದಾಟಿ ಇಲ್ಲಿಗೆ ಬಂದವರಿದ್ದಾರೆ. ಲಿವರ್‌ಪೂಲಿನಲ್ಲಿ ಹುಟ್ಟಿದ ಮೆಡೋಸ್ ಟೇಲರ್ ಹುಡುಗನಾಗಿದ್ದಾಗಲೇ ಹಡಗು ಹತ್ತಿ ಬಂದು, ಮುಂದೆ ಸುರಪುರ ಸಂಸ್ಥಾನದ ಆಡಳಿತ ನೋಡಿಕೊಂಡು, 1844ರಲ್ಲಿ ಊರ ಬೆಟ್ಟದ ಮೇಲೆ ಬಂಗಲೆ ಕಟ್ಟಿಸಿದ. ಅದೇ ಟೇಲರ್ ಮಂಜಿಲ್. ಅಲ್ಲಿ ನಿಂತ್ರೆ ಬಂಡೆಗುಡ್ಡಗಳ ನಡುವೆ ಹರಡಿದ ಇಡೀ ಸುರಪುರ ಕಾಣುತ್ತೆ. ನಮ್ಮ ಮನೆಯ ಮಾಳಿಗೆಯೂ ಕಾಣುತ್ತೆ.

ಹೊಲದಲ್ಲಿ ಚರಗ ಚೆಲ್ಲಿ, ಸಜ್ಜೆ ರೊಟ್ಟಿ, ಭಜ್ಜಿ ಉಂಡ ಮರುದಿನ ತಮ್ಮ, ಅವ್ವ, ನಾನು ನಾರಾಯಣಪುರಕ್ಕೆ ಹೋದೆವು. ಕೃಷ್ಣಾ ನದಿಗೆ ಕಟ್ಟಿದ ಬಸವಸಾಗರ ಜಲಾಶಯ ಅಲ್ಲಿದೆ. ಕಟ್ಟೆಯ ಉದ್ದವೇ 10 ಕಿಲೋಮೀಟರಿಗಿಂತ ಹೆಚ್ಚು. ಇದರ ಎಡದಂಡೆ ಕಾಲುವೆ ಬಂದ ಮೇಲೆ ನಮ್ಮ ಕಡೆ ಹೊಲಗಳ ಹಣೆಬರಹ ಬದಲಾಯಿತು. ಆದ್ರೆ ಕಾಲುವೆಯ ಕೊನೆ ಭಾಗದವರಿಗೆ ನೀರಿನ ಜಗಳ ಇವತ್ತಿಗೂ ತಪ್ಪಿಲ್ಲ. ನಮ್ಮದೂ ಕೊನೆ ಭಾಗದ ಹೊಲವೇ.

ಅಲ್ಲೇ ಹತ್ತಿರದ ಛಾಯಾ ಭಗವತಿ ಗುಡಿಗೆ ಹೋದಾಗ ಎರಡು ವಿಷಯ ತಿಳೀತು. ಒಂದು, ಹೊಳೆಗೆ ಇಳಿಯೋ ಮೆಟ್ಟಿಲುಗಳನ್ನ ಅವ್ವ ಅಡ್ಡಡ್ಡ ತಿರುಗಿ, ಗೋಡೆ ಹಿಡಿದು ಇಳಿಯುತ್ತಿದ್ದಳು. ಮೊಣಕಾಲು ನೋವು ಇಷ್ಟಾಗಿದೆ ಅಂತ ಫೋನಿನಲ್ಲಿ ಒಂದು ದಿನವೂ ಹೇಳಿರಲಿಲ್ಲ. ಎರಡನೆಯದು, ತುಂಬಿದ ನೀರನ್ನ ನೋಡ್ತಾ ಅವಳು ಕೇಳಿದ ಮಾತು.

“ಸಮುದ್ರ ಇದಕಿಂತ ದೊಡ್ಡದಿರ್ತದೇನು?”

ನಾನು, ತಮ್ಮ ಮುಖ ಮುಖ ನೋಡಿಕೊಂಡೆವು. ಅಲ್ಲೇ ಕೂತು ಗೆಳತಿಯರ ಗ್ರೂಪಿಗೆ ಮೆಸೇಜು ಹಾಕಿದೆ: ‘ನಾನು ಬರ್ತಿಲ್ಲ. ಆದ್ರೆ ಗೋಕರ್ಣಕ್ಕೇ ಹೋಗ್ತಿದ್ದೀನಿ.’

ಪ್ಲ್ಯಾನ್ ಬದಲಾದಾಗ

ಹಳೆ ಎಕ್ಸೆಲ್ ಶೀಟಿನಲ್ಲಿ ಉಳಿದಿದ್ದು ‘ಗೋಕರ್ಣ’ ಅನ್ನೋ ಹೆಸರೊಂದೇ. ಅವ್ವನ್ನ ಬೆಂಗಳೂರಿಗೆ ಕರೆಸಿ ಅಲ್ಲಿಂದ ರೈಲು ಹತ್ತಿಸಿದ್ರೆ ಎರಡು ರಾತ್ರಿ ನಿದ್ದೆಗೆಟ್ಟು, ಬಂದ ದಾರಿಗೆ ಸುತ್ತು ಹಾಕಿದಂತೆ. ತಮ್ಮ ಸರಳ ದಾರಿ ಹೇಳಿದ: “ನೀ ಬೆಂಗಳೂರಿಂದ ಹುಬ್ಬಳ್ಳಿಗೆ ಬಾ, ನಾವು ಸುರಪುರದಿಂದ ಹುಬ್ಬಳ್ಳಿಗೆ ಬರ್ತೀವಿ.” ನನಗೆ ರಾತ್ರಿ ರೈಲು, ಅವರಿಗೆ ನಸುಕಿನ ಬಸ್ಸು. ಶನಿವಾರ ಮಧ್ಯಾಹ್ನ ಹುಬ್ಬಳ್ಳಿಯಲ್ಲಿ ಊಟ, ಆಮೇಲೆ ಯಲ್ಲಾಪುರ, ಅಂಕೋಲಾ ಮೇಲಿಂದ ಗೋಕರ್ಣ. ಸಂಜೆ ಸೂರ್ಯ ಮುಳುಗೋದ್ರೊಳಗೆ ದಂಡೆ ಮೇಲಿರಬೇಕು.

ಕುಡ್ಲೆ, ಓಂ ಬೀಚಿನ ಮೆಟ್ಟಿಲುಗಳು ಅವ್ವನ ಮೊಣಕಾಲಿಗೆ ಆಗೋದಿಲ್ಲ. ಹಾಗಾಗಿ ಮಹಾಬಲೇಶ್ವರ ದೇವಸ್ಥಾನದ ಹತ್ತಿರ, ಊರ ದಂಡೆಗೆ ಸಮನೆಲದಲ್ಲಿ ನಡೆದು ಹೋಗೋ ಜಾಗದಲ್ಲಿ, ಒಂದು ಮನೆಯ ನೆಲಮಹಡಿಯ ಕೋಣೆ ಹಿಡಿದೆವು. ತಾರೀಖು ಕೂಡ ಅವ್ವನೇ ಪಾಸ್ ಮಾಡಬೇಕಿತ್ತು. ಜೋಳದ ರಾಶಿ ಫೆಬ್ರವರಿಗೆ. “ರಾಶಿ ಶುರು ಆಗೋದ್ರೊಳಗ ಬಂದುಬಿಡಬೇಕು ನೋಡು” ಅನ್ನೋ ಷರತ್ತಿನ ಮೇಲೆ ಒಪ್ಪಿಗೆ ಸಿಕ್ತು. ನನ್ನ ಕ್ಯಾಲೆಂಡರ್, ಅವಳ ಕ್ಯಾಲೆಂಡರ್ ಎರಡೂ ಹೊಂದಿದ್ದು ಅದೊಂದು ವಾರ ಮಾತ್ರ.

ಮುಳುಗಿದ ಸೂರ್ಯ

ಹುಬ್ಬಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಅವ್ವ ಇಳಿದಾಗ ಕೈಯಲ್ಲಿ ಎರಡು ಗಂಟು. ಒಂದರಲ್ಲಿ ಬಟ್ಟೆ, ಇನ್ನೊಂದರಲ್ಲಿ ಕಟಕ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ. “ಅಲ್ಲಿ ಬರೀ ಅನ್ನ ತಿಂತಾರಂತ” ಅಂದಳು. ತಿಂಥಣಿ ಸೇತುವೆ ಮೇಲೆ ಕೃಷ್ಣೆ ದಾಟುವಾಗ ಕಿಟಕಿಯಿಂದಲೇ ಕೈಮುಗಿದು ಒಂದು ರೂಪಾಯಿ ಹಾಕಿದಳಂತೆ. ತಮ್ಮ ಹೇಳಿದ.

ಯಲ್ಲಾಪುರ ದಾಟಿದ ಮೇಲೆ ಅವ್ವ ಮಾತು ನಿಲ್ಲಿಸಿದಳು. ಎರಡೂ ಕಡೆ ಬಿಸಿಲು ನೆಲ ಮುಟ್ಟದಷ್ಟು ಕಾಡು. “ಇಷ್ಟೆಲ್ಲ ಗಿಡ ಯಾರು ಹಚ್ಯಾರ?” ಅಂದಳು ಒಮ್ಮೆ. ಅರಬೈಲ್ ಘಟ್ಟದಲ್ಲಿ ನಮ್ಮ ಪ್ಲ್ಯಾನ್ ಕೆಟ್ಟಿತು. ತಿರುವಿನಲ್ಲಿ ಒಂದು ಲಾರಿ ಕೆಟ್ಟು ನಿಂತು, ಹಿಂದೆ ಸಾಲು ಸಾಲು ಗಾಡಿ. ಒಂದು ಗಂಟೆಗೂ ಹೆಚ್ಚು ಹೊತ್ತು ಕದಲಲಿಲ್ಲ. ನಾನು ನಿಮಿಷಕ್ಕೊಮ್ಮೆ ಮೊಬೈಲಿನಲ್ಲಿ ಸೂರ್ಯಾಸ್ತದ ಟೈಮ್ ನೋಡ್ತಾ ಸಿಡಿಮಿಡಿ ಮಾಡ್ತಿದ್ದೆ. ಅವ್ವ ಗಂಟು ಬಿಚ್ಚಿ ಹಿಂದಿನ ಸೀಟಿನ ಮಕ್ಕಳಿಗೂ ಸೇರಿಸಿ ರೊಟ್ಟಿ ಮುರಿದು ಕೊಟ್ಟಳು.

ಗೋಕರ್ಣ ತಲುಪಿದಾಗ ಪೂರಾ ಕತ್ತಲೆ. ನನಗೆ ಅಳು ಬರೋದೊಂದು ಬಾಕಿ. ಮೊದಲ ಸಲ ಸಮುದ್ರ ನೋಡೋಳಿಗೆ ತೋರಿಸೋಕೆ ಏನೂ ಇಲ್ಲ. “ನಾಳೆ ಮುಂಜಾನೆ ಹೋಗೋಣ ಬೇ” ಅಂದ್ರೆ ಅವಳು ಚಪ್ಪಲಿ ಬಿಚ್ಚಿ ಆಗಲೇ ಮರಳಿಗೆ ಇಳಿದಿದ್ದಳು. ನಾನು ಮೊಬೈಲ್ ಟಾರ್ಚ್ ಹಚ್ಚಿದೆ.

“ಅದನ್ನ ಆರ್ಸು” ಅಂದಳು.

ಆರಿಸಿದೆ. ಕಾಣೋದಿಲ್ಲ, ಬರೀ ಸದ್ದು. ದೂರದಿಂದ ಎದ್ದು, ಹತ್ತಿರ ಬಂದು ಒಡೆದು, ಉಸಿರೆಳೆದು ಮತ್ತೆ ಏಳೋ ಸದ್ದು. ಅವ್ವ ಅದೆಷ್ಟು ಹೊತ್ತು ನಿಂತಳೋ.

“ಖರೇನ ಹೇಳಿದ್ದ ನಿಮ್ಮಪ್ಪ. ನಾನೇ ನಂಬಿದ್ದಿಲ್ಲ” ಅಂದಳು. ಆಮೇಲೆ ಸೆರಗು ಮುಖಕ್ಕೆ ತಗೊಂಡಳು. ತಮ್ಮ ಅವಳ ಹೆಗಲು ಹಿಡಿದು ನಿಂತ. ಸೂರ್ಯ ಇದ್ದಿದ್ರೆ ನಾನು ಫೋಟೋ ತೆಗೀತಿದ್ದೆ. ಅಪ್ಪ ಹೇಳಿದ ಸಮುದ್ರ ಅವಳಿಗೆ ಸಿಗ್ತಿತ್ತೋ ಇಲ್ಲವೋ.

ಬೆಳಿಗ್ಗೆ ಅವಳು ಕಂಡಿದ್ದು ಬೇರೆಯದೇ ಸಮುದ್ರ. ಪಾದ ಮುಳುಗೋಷ್ಟು ನೀರಿಗೆ ಹೋಗಿ ಒಂದು ಬೊಗಸೆ ತುಂಬಿ ಬಾಯಿಗೆ ಹಾಕಿಕೊಂಡು ಥೂ ಅಂತ ಉಗುಳಿದಳು.

“ಇಷ್ಟು ನೀರ ಇಟ್ಕೊಂಡು ಒಂದು ಸಾಲಿಗೂ ಬರಂಗಿಲ್ಲಲ್ಲ ಇದು!”

ಕಾಲುವೆ ಕೊನೆ ಭಾಗದ ಹೊಲದವಳು ಸಮುದ್ರಕ್ಕೆ ಹೇಳಿದ ಮಾತು ಅದು.

ನೀವೂ ಮನೆಯವರನ್ನ ಕರ್ಕೊಂಡು ಹೋಗೋದಾದ್ರೆ

ನಮ್ಮ ತಪ್ಪಿನಿಂದ ಕಲಿತ ನಾಲ್ಕು ಮಾತು. ಊರು ದೂರ ಇದ್ರೆ ಬೆಂಗಳೂರಿನಿಂದ ಲೆಕ್ಕ ಶುರು ಮಾಡಬೇಡಿ. ಇಬ್ಬರಿಗೂ ನಡುವಿನ ಊರು ಹುಡುಕಿ. ನಮಗೆ ಹುಬ್ಬಳ್ಳಿ ಆ ಥರ. ರೈಲಿನ ಮುಂಗಡ ಬುಕಿಂಗ್ ಈಗ 60 ದಿನ ಮೊದಲು ಮಾತ್ರ ತೆರೆಯೋದರಿಂದ, ಲಾಂಗ್ ವೀಕೆಂಡಿಗೆ ಆ ದಿನವನ್ನೇ ಅಲಾರಂ ಇಟ್ಟುಕೊಳ್ಳಿ. ರಜೆ ಸಿಗೋ ಹಾಗಿದ್ರೆ ಲಾಂಗ್ ವೀಕೆಂಡ್ ಬಿಟ್ಟು ಬೇರೆ ವಾರ ಹೋಗೋದು ಇನ್ನೂ ಒಳ್ಳೇದು. ಶಿವರಾತ್ರಿ ಹೊತ್ತಿಗಂತೂ ಗೋಕರ್ಣದಲ್ಲಿ ಕಾಲಿಡೋಕೆ ಜಾಗ ಇರೋದಿಲ್ಲ. ಮಳೆಗಾಲದಲ್ಲಿ ನೀರಿಗೆ ಇಳಿಯೋ ಮಾತೇ ಬೇಡ.

ವಯಸ್ಸಾದವರಿಗೆ ದಿನಕ್ಕೆ ಒಂದೇ ಜಾಗ ಸಾಕು. ನಾವು ಭಾನುವಾರ ದೇವಸ್ಥಾನ, ಕೋಟಿತೀರ್ಥ ನೋಡಿ, ಉಳಿದ ಹೊತ್ತೆಲ್ಲ ಮರಳಲ್ಲೇ ಕೂತೆವು. ವಾಪಸ್ ಬರುವಾಗ ಗೋಕರ್ಣದ ಹತ್ತಿರವೇ ಇರೋ ಸಾಣಿಕಟ್ಟಾದಲ್ಲಿ ಉಪ್ಪಿನ ಗದ್ದೆ ನೋಡಿದೆವು. ಮಡಿ ಮಾಡಿ ಕಡಲ ನೀರು ಕಟ್ಟೋದನ್ನ ಕಂಡು ಅವ್ವನಿಗೆ ಸ್ವಲ್ಪ ಸಮಾಧಾನ ಆಯ್ತು. “ಹಾಂ, ಹಿಂಗಾರ ಕೆಲಸಕ್ಕ ಬಂತು” ಅಂತ ಓಣಿಯವರಿಗೆಲ್ಲ ಹಂಚೋಕೆ ಅಂಗಡಿಯಲ್ಲಿ ಐದು ಪ್ಯಾಕೆಟ್ ಉಪ್ಪು ತಗೊಂಡಳು.

ಭಾನುವಾರ ಸಂಜೆ ಸೂರ್ಯ ಸರಿಯಾಗಿ ನಮ್ಮ ಎದುರಿಗೇ ಮುಳುಗಿದ. ಅವ್ವ ಅಷ್ಟೇನೂ ಗಮನ ಕೊಡಲಿಲ್ಲ. ಅವಳಿಗೆ ಬೇರೆ ಪ್ರಶ್ನೆ ಇತ್ತು.

“ನಮ್ಮ ಹೊಳಿ ಇಲ್ಲಿಗೇ ಬಂದು ಸೇರ್ತದೇನು?”

ಇಲ್ಲ ಬೇ, ಅಂದೆ. ನಮ್ಮ ಕೃಷ್ಣೆ ಹುಟ್ಟೋದು ಮಹಾರಾಷ್ಟ್ರದ ಮಹಾಬಲೇಶ್ವರದಲ್ಲಿ. ಇಲ್ಲಿಯ ದೇವರ ಹೆಸರೇ ಆ ಊರಿಗೂ. ಅಲ್ಲಿಂದ ಈ ಅರಬ್ಬಿ ಸಮುದ್ರ ನೂರು ಕಿಲೋಮೀಟರೂ ಇಲ್ಲ. ಆದ್ರೂ ಹೊಳೆ ಇದಕ್ಕೆ ಬೆನ್ನು ತಿರುಗಿಸಿ ನಾರಾಯಣಪುರ, ತಿಂಥಣಿ, ಶ್ರೀಶೈಲ, ವಿಜಯವಾಡ ಅಂತ ಇಡೀ ನಾಡು ಅಡ್ಡ ಹಾಯ್ದು, ಆ ಕಡೆಯ ಬಂಗಾಳ ಕೊಲ್ಲಿಗೆ ಸೇರುತ್ತೆ.

ಅವ್ವ ಸ್ವಲ್ಪ ಹೊತ್ತು ಯೋಚಿಸಿದಳು.

“ಹಂಗಾದ್ರ ನಾ ತಿಂಥಣಿಯಾಗ ಹಾಕಿದ ರೂಪಾಯಿ ಆ ಸಮುದ್ರಕ್ಕ ಹೋಗ್ತದ?”

“ಹೋಗ್ಬಹುದು.”

“ಅದನ್ನ ಯಾವಾಗ ನೋಡೋದು?”

ತಮ್ಮ ನಕ್ಕ. ನಾನು ಮೊಬೈಲ್ ತೆಗೆದು ಮುಂದಿನ ಸೋಮವಾರದ ರಜೆ ಯಾವಾಗ ಅಂತ ಹುಡುಕೋಕೆ ಶುರು ಮಾಡಿದೆ. ರಾಶಿ ಮುಗಿದ ಮೇಲಿನದ್ದು.