ಕೆಂಚಿಯ ಹರಕೆ

ನಮ್ಮ ಕೊಳ್ಳೇಗಾಲದಲ್ಲಿ ಹೆಂಗಸರು ಓಡುವುದು ಎರಡೇ ಸಂದರ್ಭದಲ್ಲಿ. ಒಂದು, ಬಸ್ಸು ಹೊರಟುಬಿಟ್ಟಾಗ. ಇನ್ನೊಂದು, ಒಲೆಯ ಮೇಲಿಟ್ಟ ಹಾಲು ನೆನಪಾದಾಗ. ಹೀಗಿರುವಾಗ ಐವತ್ತು ದಾಟಿದ ನಾನು ಬೆಳಗಿನ ಐದೂವರೆಗೆ ದುಪಟ್ಟಾ ಸೊಂಟಕ್ಕೆ ಬಿಗಿದು, ನಾಯಿಯೊಂದರ ಜೊತೆ ಮರಡಿಗುಡ್ಡದ ಕಡೆಗೆ ಓಡತೊಡಗಿದರೆ ನೋಡಿದವರು ಸುಮ್ಮನಿರುತ್ತಾರೆಯೇ? ಹಾಲಿನ ಕ್ಯಾನು ಕಟ್ಟಿಕೊಂಡು ಬರುತ್ತಿದ್ದ ಮುದುಕರೊಬ್ಬರು ಸೈಕಲ್ಲಿನಿಂದ ಇಳಿದೇಬಿಟ್ಟರು.

"ಯಾಕ್ರವ್ವಾ, ನಾಯಿ ಅಟ್ಟಿಸ್ಕಂಡು ಬತ್ತಾ ಅದಾ?"

"ಇಲ್ಲ ಕಣಪ್ಪ, ಜೊತೇಲಿ ಬತ್ತಾ ಅದೆ" ಎಂದೆ, ಏದುಸಿರು ಬಿಡುತ್ತಾ. ಅವರಿಗೆ ನಂಬಿಕೆ ಬರಲಿಲ್ಲ.

ನಿಜ ಹೇಳಬೇಕೆಂದರೆ ನನಗೇ ನಂಬಿಕೆಯಿರಲಿಲ್ಲ. ನಾಯಿ ಕಂಡರೆ ಬೀದಿ ಬದಲಿಸುತ್ತಿದ್ದವಳು ನಾನು. 1978ರಲ್ಲಿ, ನನಗೆ ಏಳು ವರ್ಷವಿದ್ದಾಗ, ನಮ್ಮ ಬೀದಿಯ ಮಗ್ಗದ ಮನೆಯ ಹುಡುಗನಿಗೆ ನಾಯಿ ಕಚ್ಚಿತು. ನನ್ನ ಜೊತೆ ಕುಂಟೆಬಿಲ್ಲೆ ಆಡುತ್ತಿದ್ದವನು. ಆಗೆಲ್ಲ ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ. ಆ ಹೆದರಿಕೆಗೆ ಮನೆಯವರು ಗಾಯಕ್ಕೆ ಮೆಣಸಿನಪುಡಿ ಮೆತ್ತಿ, ಮಂತ್ರ ಹಾಕಿಸಿ ಸುಮ್ಮನಾದರು. ಎರಡು ತಿಂಗಳಾದ ಮೇಲೆ ಅವನು ನೀರಿನ ಲೋಟ ಕಂಡರೆ ಬೆಚ್ಚಿ ಕೂಗತೊಡಗಿದ. ಆ ಕೂಗು ನಮ್ಮ ಮನೆಯ ನಡುಮನೆಗೂ ಕೇಳುತ್ತಿತ್ತು. ಮೂರನೆಯ ದಿನ ಕೇಳಲಿಲ್ಲ. ಅವತ್ತು ಬೀದಿಯಲ್ಲಿ ಒಂದು ಮಗ್ಗವೂ ಆಡಲಿಲ್ಲ.

ಇಂಥವಳ ಮನೆಗೆ ಕೆಂಚಿ ಬಂದದ್ದು ನಮ್ಮವರ ದೆಸೆಯಿಂದ. ಹನೂರಿನಲ್ಲಿ ಮದುವೆಯೂಟ ಮುಗಿಸಿ ಬರುವಾಗ ಕಾಮಗೆರೆ ದಾಟಿದ ಮೇಲೆ ರಸ್ತೆಯ ಪಕ್ಕ ಕೆಂಚು ಬಣ್ಣದ ಮರಿಯೊಂದು ಬಿದ್ದಿತ್ತು. ಯಾವುದೋ ಗಾಡಿ ಹಿಂಗಾಲಿನ ಮೇಲೆ ಹರಿದಿತ್ತು. ನಾನು ಬೇಡ ಬೇಡವೆನ್ನುತ್ತಿದ್ದಂತೆಯೇ ಇವರು ಮದುವೆಯಲ್ಲಿ ಹೊದೆಸಿದ ಶಾಲಿನಲ್ಲಿ ಅದನ್ನು ಸುತ್ತಿ ನನ್ನ ತೊಡೆಯ ಮೇಲಿಟ್ಟರು. ರೇಷ್ಮೆ ಸೀರೆಗೆ ರಕ್ತ ಹತ್ತಿತೆಂದು ದಾರಿಯುದ್ದಕ್ಕೂ ಬೈದೆ. ಆದರೂ ಅದರ ತಲೆ ಅಲುಗದಂತೆ ಹಿಡಿದುಕೊಂಡಿದ್ದ ಕೈ ನನ್ನದೇ.

ಮೂಳೆ ಕೂಡಿಕೊಂಡ ಮೇಲೆ ಪಶುವೈದ್ಯರು, "ಕಾಲಿನ ಮಾಂಸಖಂಡ ಸೊರಗಿದೆ, ದಿನಾ ನಡೆಸಿ, ಆಮೇಲೆ ಮೆಲ್ಲಗೆ ಓಡಿಸಿ" ಎಂದರು. ಅದೇ ವಾರ ನನ್ನ ಸಕ್ಕರೆ ಕಾಯಿಲೆ ನೋಡುವ ಡಾಕ್ಟರೂ ನಡೆಯಿರಿ ಎಂದಿದ್ದರು. ಇಬ್ಬರಿಗೂ ಒಂದೇ ಚೀಟಿ ಸಾಕಿತ್ತು! ಮೊದಲು ಬೀದಿಯ ಕೊನೆಯವರೆಗೆ, ಆಮೇಲೆ ಗುಡ್ಡದ ಬುಡದವರೆಗೆ. ಒಂದು ದಿನ ಕೆಂಚಿ ತಾನಾಗಿ ಓಡಿದಳು. ಹಗ್ಗ ನನ್ನ ಕೈಯಲ್ಲಿತ್ತು, ನಾನೂ ಓಡಿದೆ.

ಬೆಂಗಳೂರಿನ ಮಗಳು ಇದನ್ನು ಕೇಳಿ ನಕ್ಕಳು. ಅಲ್ಲಿ 2008ರಿಂದ ಹತ್ತು ಕಿಲೋಮೀಟರಿನ ದೊಡ್ಡ ಓಟ ನಡೆಯುತ್ತದಂತೆ. ಎಷ್ಟೋ ಜನ ಸೇವಾಸಂಸ್ಥೆಗಳಿಗೆ ಹಣ ಕೂಡಿಸಲೆಂದೇ ಓಡುತ್ತಾರಂತೆ. ಅವಳೇ ಕ್ರಿಸ್ಟಲ್ ರೋಜರ್ಸ್ ಎಂಬ ಇಂಗ್ಲಿಷ್ ಮಹಿಳೆಯ ವಿಷಯ ಹೇಳಿದಳು. ದೆಹಲಿ, ಜೈಪುರಗಳಲ್ಲಿ ಮೂಕಪ್ರಾಣಿಗಳ ಆರೈಕೆ ಮಾಡಿ, ಎಂಬತ್ತು ದಾಟಿದ ಮೇಲೆ 1991ರಲ್ಲಿ ಬೆಂಗಳೂರಿನಲ್ಲಿ 'ಕ್ಯೂಪಾ' ಸಂಸ್ಥೆ ಕಟ್ಟಿದಾಕೆ. ಎಂಬತ್ತು ದಾಟಿದವರು ಸಂಸ್ಥೆ ಕಟ್ಟಬಹುದಾದರೆ ನಾನು ನಾಲ್ಕು ಹೆಜ್ಜೆ ಓಡಲಾರೆನೇ?

ಆದರೆ ಚಂದಾ ಕೇಳಲು ಹೋದರೆ ನೆರೆಯವರಿಗೆ ಅರ್ಥವೇ ಆಗಲಿಲ್ಲ. "ನೀವು ಓಡಿದ್ರೆ ನಾವ್ಯಾಕೆ ದುಡ್ಡು ಕೊಡ್ಬೇಕು?" ನ್ಯಾಯವಾದ ಪ್ರಶ್ನೆಯೇ. ಕೊನೆಗೊಂದು ದಿನ ಬಾಯಿಗೆ ಬಂದಂತೆ "ಹರಕೆ ಕಣ್ರೀ" ಎಂದುಬಿಟ್ಟೆ. ತಕ್ಷಣ ಎಲ್ಲರ ಮುಖ ಬದಲಾಯಿತು. ಹನೂರಿನ ದಾರಿಯಲ್ಲಿ ಮಾದಪ್ಪನ ಬೆಟ್ಟಕ್ಕೆ ಬರಿಗಾಲಲ್ಲಿ ನಡೆಯುವವರಿಗೆ ಮಜ್ಜಿಗೆ ಕೊಟ್ಟು ಬೆಳೆದ ಸೀಮೆ ನಮ್ಮದು. ಕಾಲಿಗೂ ಹರಕೆಗೂ ಇರುವ ನಂಟನ್ನು ಇಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ದೀಪಾವಳಿಯಿಂದ ಶಿವರಾತ್ರಿಯೊಳಗೆ 101 ಕಿಲೋಮೀಟರ್, ಕಿಲೋಮೀಟರಿಗೆ ಐದು ರೂಪಾಯಿ. 23 ಮನೆಯವರು ಒಪ್ಪಿದರು.

ಹಣ ಯಾವುದಕ್ಕೆ ಎಂದು ನಾನು ಮೊದಲೇ ನಿಶ್ಚಯಿಸಿದ್ದೆ. ಬೀದಿನಾಯಿಗಳಿಗೆ ಹುಚ್ಚುನಾಯಿ ರೋಗದ ಲಸಿಕೆ. ಒಂದು ಊರಿನ ನಾಯಿಗಳಲ್ಲಿ ನೂರಕ್ಕೆ ಎಪ್ಪತ್ತಕ್ಕೆ ಲಸಿಕೆ ಬಿದ್ದರೆ ರೋಗ ಹರಡುವ ಸರಪಳಿ ಕಡಿಯುತ್ತದೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಕಾಡಂಚಿನ ನಮ್ಮ ಹನೂರು, ಯಳಂದೂರಿನ ಕಡೆ ಇದರಿಂದ ಕಾಡಿನ ಸೀಳುನಾಯಿಗೂ ಕ್ಷೇಮ. ಇನ್ನು ಮನುಷ್ಯರಿಗೆ ಕಚ್ಚಿದರೆ ಮೆಣಸಿನಪುಡಿ, ಸುಣ್ಣ ಏನೂ ಬೇಡ. ಹರಿಯುವ ನೀರಿನಲ್ಲಿ ಸೋಪು ಹಾಕಿ ಹದಿನೈದು ನಿಮಿಷ ತೊಳೆದು ಆಸ್ಪತ್ರೆಗೆ ಓಡಬೇಕು. ಹೊಕ್ಕುಳ ಸೂಜಿಯ ಕಾಲ 2005ರ ಹೊತ್ತಿಗೇ ಮುಗಿಯಿತು. ಈಗ ತೋಳಿಗೆ ಕೆಲವೇ ಸೂಜಿ. ಆದರೆ ರೋಗ ಕಾಣಿಸಿಕೊಂಡ ಮೇಲೆ ಮಾತ್ರ ಮದ್ದಿಲ್ಲ.

ಬಿಸಿಲೇರುವ ಮೊದಲೇ ಓಟ ಮುಗಿಸುತ್ತಿದ್ದೆವು. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ನಾಲಿಗೆ ಚಾಚಿ ಏದುಸಿರು ಬಿಟ್ಟೇ ಅದು ತಣ್ಣಗಾಗಬೇಕು. ಟಾರಿನ ಮೇಲೆ ನಮ್ಮ ಕೈ ಇಡಲಾಗದಿದ್ದರೆ ಅದರ ಪಾದವನ್ನೂ ಇಡಿಸಬಾರದು. ಕೊನೆಯ ಕಿಲೋಮೀಟರನ್ನು ಅಕ್ಕನ ಊರಾದ ಯಳಂದೂರಿನಲ್ಲಿ ಓಡಿದೆವು. ಗೌರೀಶ್ವರ ದೇವಸ್ಥಾನದ ಬಳೆ ಮಂಟಪದ ಮುಂದೆ, ಆ ಕಲ್ಲಿನ ಬಳೆಗಳ ಕೆಳಗೆ ನಿಂತು ಅಕ್ಕ ಕೆಂಚಿಗೂ ನನಗೂ ಸೇರಿಸಿ ದೃಷ್ಟಿ ತೆಗೆದಳು.

ಒಟ್ಟು 11,615 ರೂಪಾಯಿ. ಎಣಿಸುತ್ತಿದ್ದ ಸಂಜೆ ಲೆಕ್ಕದ ಪುಸ್ತಕದಲ್ಲಿಲ್ಲದ ಒಬ್ಬರು ಬಾಗಿಲಿಗೆ ಬಂದರು. ಆ ಹುಡುಗನ ತಾಯಿ. ಎಪ್ಪತ್ತು ದಾಟಿದೆ. ನನ್ನನ್ನು ಕಂಡಾಗಲೆಲ್ಲ ಮಗನ ವಯಸ್ಸು ಲೆಕ್ಕ ಹಾಕುತ್ತಾರೇನೋ ಎಂದು ಅವರೆದುರು ನಿಲ್ಲಲು ಅಳುಕುತ್ತಿದ್ದೆ. ಹಳದಿ ಬಟ್ಟೆಯಲ್ಲಿ ಕಟ್ಟಿದ ಮುಡಿಪನ್ನು ಕೈಯಲ್ಲಿಟ್ಟರು. ಕೆಂಚಿಯತ್ತ ನೋಡಲಿಲ್ಲ.

"ಸೂಜಿ ಹಾಕ್ಸವ್ವ. ಒಂದ್ನೂ ಬಿಡ್ಬ್ಯಾಡ" ಎಂದಷ್ಟೇ ಹೇಳಿ ಹೋದರು.

ಲಸಿಕೆ ಹಾಕಿಸಿದ ದಿನ ನಮ್ಮ ಬೀದಿಯ ಕರಿನಾಯಿ ಯಾರ ಕೈಗೂ ಸಿಗಲಿಲ್ಲ. ಕೊನೆಗೆ ಆ ತಾಯಿಯೇ ಜಗಲಿಯಿಂದ ಇಳಿದು, ಬನ್ನಿನ ಚೂರು ಹಿಡಿದು, "ಬಾ ಮಗ, ಬಾ" ಎಂದು ಕರೆದರು. ಅವರ ಕೈ ನಡುಗುತ್ತಿತ್ತು. ನಾಯಿ ಬಂದಿತು.

ಎರಡೂ ಊರು ಸೇರಿ 64 ನಾಯಿಗಳಿಗೆ ಲಸಿಕೆಯಾಯಿತು. ಉಳಿದ ಹಣವನ್ನು ಕ್ಯೂಪಾಕ್ಕೆ ಕಳಿಸಿದೆ. ಇನ್ನು ಆರಾಮವಾಗಿ ಮಲಗಬಹುದೆಂದುಕೊಂಡರೆ, ಮರುದಿನ ಐದೂವರೆಗೆ ಕೆಂಚಿ ಹಗ್ಗ ಕಚ್ಚಿಕೊಂಡು ಮಂಚದ ಪಕ್ಕ ನಿಂತಿದ್ದಾಳೆ! ಹರಕೆ ತೀರಿತೆಂದು ಅವಳಿಗೆ ಯಾರೂ ಹೇಳಿರಲಿಲ್ಲ.