ಬಾಗಿಲಿಗೆ ಬಂದ ನರ್ಸ್

ರಾಯಚೂರು ಜಿಲ್ಲೆಯ ನಮ್ಮ ಹಳ್ಳಿಯವರಿಗೆ ದೊಡ್ಡಾಸ್ಪತ್ರೆ ಎಂದರೆ ಇಂದಿಗೂ ಹೈದರಾಬಾದೇ. ಹೀಗಾಗಿ ಊರಲ್ಲಿ ಯಾರಿಗೆ ಏನಾದರೂ ಮೊದಲ ಫೋನ್ ಬರುವುದು ನನಗೆ. ದೊಡ್ಡವ್ವನಿಗೆ ಕ್ಯಾನ್ಸರ್ ಎಂದಾಗಲೂ ಹಾಗೇ ಆಯಿತು. ಇಲ್ಲಿಗೆ ಕರೆಸಿಕೊಂಡೆ, ತೋರಿಸಿದೆ. ಎರಡು ತಿಂಗಳಾದ ಮೇಲೆ ವೈದ್ಯರು, ಇನ್ನು ಮಾಡುವುದೇನೂ ಉಳಿದಿಲ್ಲ, ಮನೆಗೆ ಕರೆದುಕೊಂಡು ಹೋಗಿ ಎಂದರು. ದೊಡ್ಡವ್ವನಿಗೂ ಅದೇ ಬೇಕಿತ್ತು. "ನನ್ನ ಮನ್ಯಾಗ ಬಿಟ್ಟು ಬಾರಪ್ಪಾ" ಅಂದಳು.

ಬಿಟ್ಟು ಬಂದೆ. ಅಣ್ಣನ ಕೈಗೆ ಇಪ್ಪತ್ತು ಸಾವಿರ ರೂಪಾಯಿ ಕೊಟ್ಟು, ನನ್ನ ಕರ್ತವ್ಯ ಮುಗಿಯಿತು ಎಂದುಕೊಂಡೆ.

ರಾತ್ರಿ ಅಣ್ಣ ಫೋನ್ ಮಾಡಿದರೆ ಹಿಂದಿನಿಂದ ಅವಳ ನರಳಾಟ ಕೇಳುತ್ತಿತ್ತು. ಆ ನೋವಿಗೆ ಬೇಕಾದ ಮಾರ್ಫಿನ್ ಊರಿನ ಔಷಧಿ ಅಂಗಡಿಯಲ್ಲಿ ಸಿಗುವಂಥದ್ದಲ್ಲ. 2014ರಲ್ಲಿ ಮಾದಕ ವಸ್ತು ಕಾಯ್ದೆಗೆ ತಿದ್ದುಪಡಿ ತಂದು ನಿಯಮ ಸಡಿಲಿಸಿದ್ದರೂ, ಅದನ್ನು ಕೊಡುವುದು ಹೆಚ್ಚಾಗಿ ಮಾನ್ಯತೆ ಪಡೆದ ಆಸ್ಪತ್ರೆ, ಸಂಸ್ಥೆಗಳೇ. ಬೆನ್ನಿನ ಹುಣ್ಣು ಹೇಗೆ ತೊಳೆಯಬೇಕು, ನೋವಾಗದಂತೆ ಮಗ್ಗುಲು ಹೇಗೆ ಬದಲಿಸಬೇಕು ಎಂದು ಅತ್ತಿಗೆಗೆ ಹೇಳಿಕೊಡುವವರೂ ಇರಲಿಲ್ಲ. ಹತ್ತೊಂಬತ್ತನೆಯ ದಿನ ದೊಡ್ಡವ್ವ ಹೋದಳು. ನಾನು ಕೊಟ್ಟ ಹಣದಲ್ಲಿ ಅರ್ಧ ಹಾಗೇ ಉಳಿದಿತ್ತು.

ಮರುವರ್ಷ ಇಲ್ಲಿ ಸಹೋದ್ಯೋಗಿಯೊಬ್ಬರ ತಂದೆಗೆ ಅದೇ ಸ್ಥಿತಿ ಬಂತು. ಅವರ ಮನೆಗೆ ಸ್ಪರ್ಶ್ ಹಾಸ್ಪೈಸ್‌ನವರು ಬರುತ್ತಿದ್ದರು. ಬಂಜಾರಾ ಹಿಲ್ಸ್ ರೋಟರಿ ಕ್ಲಬ್‌ನವರು 2011ರಲ್ಲಿ ಆರಂಭಿಸಿದ ಸಂಸ್ಥೆ ಅದು, ದಾನದ ಮೇಲೆ ನಡೆಯುತ್ತದೆ, ರೋಗಿಗಳಿಂದ ಹಣ ಪಡೆಯುವುದಿಲ್ಲ. ನರ್ಸ್ ಬಂದರು, ಹುಣ್ಣು ತೊಳೆದರು, ಮಾತ್ರೆಯ ಹೊತ್ತು ಬರೆದುಕೊಟ್ಟರು, ಮಗಳ ಕೈಯಿಂದಲೇ ಒಮ್ಮೆ ಮಗ್ಗುಲು ಬದಲಿಸಿ ನೋಡಿದರು. ಮುಕ್ಕಾಲು ಗಂಟೆಯ ಕೆಲಸ. ಅಜ್ಜ ಆ ರಾತ್ರಿ ನಿದ್ದೆ ಮಾಡಿದರಂತೆ. ನನಗೆ ಬರಲಿಲ್ಲ.

ಮಾರ್ಫಿನ್ ಮಾತ್ರೆ ದುಬಾರಿಯಲ್ಲ. ದುಬಾರಿಯಾಗುವುದು ಆ ನರ್ಸ್ ಮನೆ ಬಾಗಿಲಿಗೆ ಬರುವುದು: ಅವರ ಸಂಬಳ, ವಾಹನ, ಡೀಸೆಲ್. ಒಂದು ಊರಿನಿಂದ ಇನ್ನೊಂದು ಊರಿಗೆ ಹದಿನೈದು ಕಿಲೋಮೀಟರ್ ಇರುವ ಕಡೆ ಇದು ಇನ್ನೂ ಹೆಚ್ಚು. ಬೆಂಗಳೂರಿನಲ್ಲಿ 1994ರಲ್ಲಿ ಹುಟ್ಟಿದ ಕರುಣಾಶ್ರಯವೂ ಉಚಿತವಾಗಿ ಮನೆಮನೆಗೆ ಹೋಗುತ್ತದೆ. ಕೇರಳದಲ್ಲಿ 1993ರಲ್ಲಿ ಕೋಯಿಕ್ಕೋಡಿನಿಂದ ಶುರುವಾದ ಕೆಲಸವನ್ನು ಊರಿನವರೇ ಚಿಲ್ಲರೆ ಹಣ ಕೂಡಿಸಿ, ತಾವೇ ಸ್ವಯಂಸೇವಕರಾಗಿ ಹಳ್ಳಿಗಳಿಗೆ ಒಯ್ದರು. ನಮ್ಮ ಕಡೆಯ ಹಳ್ಳಿಗಳಿಗೆ ಬೇಕಾಗಿರುವುದು ಅಂಥದ್ದು.

ಊರ ಜಾತ್ರೆಗೆ ಪಟ್ಟಿ ಕೇಳಿದರೆ ನಾವು ಯಾರೂ ಇಲ್ಲವೆನ್ನುವುದಿಲ್ಲ. ಈ ಸಲವೂ ಅಣ್ಣ ಕೇಳಿದ, ಕೊಟ್ಟೆ. ಅಷ್ಟೇ ಮೊತ್ತವನ್ನು ಈಗ ತಿಂಗಳಿಗೊಮ್ಮೆ ಮನೆ ಆರೈಕೆಯ ವಾಹನಕ್ಕೂ ಕಳಿಸುತ್ತೇನೆ. ಆ ವಾಹನ ನಮ್ಮ ಹಳ್ಳಿಯ ತನಕ ಹೋಗುವುದಿಲ್ಲ, ಗೊತ್ತು. ನಿಮ್ಮ ಊರಿಗೆ ಯಾರಾದರೂ ಬರುತ್ತಾರೆಯೇ ಎಂದು ಮನೆಯವರೆಲ್ಲ ಚೆನ್ನಾಗಿರುವಾಗಲೇ ಒಮ್ಮೆ ವಿಚಾರಿಸಿಟ್ಟುಕೊಳ್ಳಿ. ನಾನು ಕೇಳಿರಲಿಲ್ಲ.